ಅಂಕಪಟ್ಟಿಯ ಹಾಳೆಯಲ್ಲೇ ಪರವಲಯವನ್ನು ಕುಣಿಸಬಹುದು

ಸಂಪಾದಕರಿಗೆ,

ಮಾನ್ಯರೇ,

ಪ್ರೌಢಶಾಲೆಯ ಕಂಪ್ಯೂಟರಿನಲ್ಲಿ ಸ್ಪ್ರೆಡ್‌ಶೀಟ್ ತೆರೆಯುವುದು ಹೆಚ್ಚಾಗಿ ಎರಡೇ ಕೆಲಸಕ್ಕೆ: ಅಂಕಪಟ್ಟಿಗೆ ಮತ್ತು ಬಿಸಿಯೂಟದ ಲೆಕ್ಕಕ್ಕೆ. ಅದೇ ಹಾಳೆಯನ್ನು ಗಣಿತದ ತರಗತಿಗೆ ತಂದರೆ ಕರಿಹಲಗೆಯಿಂದ ಆಗದ ಒಂದು ಕೆಲಸ ಅದರಿಂದ ಆಗುತ್ತದೆ. ಬರೆದ ನಕ್ಷೆ ಕಣ್ಣೆದುರೇ ಚಲಿಸುತ್ತದೆ. ಸ್ಮಾರ್ಟ್ ಕ್ಲಾಸಿನ ಹೆಸರಿನಲ್ಲಿ ದುಡ್ಡು ಕೊಟ್ಟು ತರುವ ಅನಿಮೇಷನ್ ವಿಡಿಯೊಗಳಿಗಿಂತ ಇದು ಮೇಲು ಎನ್ನುವುದು ನಮ್ಮ ವಾದ. ವಿಡಿಯೊದಲ್ಲಿ ರೇಖೆ ಯಾಕೆ ಬಾಗಿತು ಎಂದು ವಿದ್ಯಾರ್ಥಿನಿ ಕೇಳಿದರೆ ಬೊಟ್ಟು ಮಾಡಿ ತೋರಿಸಲು ಅಲ್ಲಿ ಏನೂ ಇಲ್ಲ. ಹಾಳೆಯಲ್ಲಾದರೆ ಸೆಲ್ ಮೇಲೆ ಒಂದು ಕ್ಲಿಕ್ ಸಾಕು, ಸೂತ್ರವೇ ಎದ್ದು ಬರುತ್ತದೆ. ಆ ಸೂತ್ರವನ್ನು ಬೇಕೆಂದೇ ಕೆಡಿಸಿ ಏನಾಗುತ್ತದೆಂದೂ ನೋಡಬಹುದು. ಅಂತರ್ಜಾಲ ಬೇಡ, ಹೊಸ ಯಂತ್ರ ಬೇಡ. ಎಕ್ಸೆಲ್ ಇಲ್ಲದಿದ್ದರೆ ಉಚಿತವಾಗಿ ಸಿಗುವ ಲಿಬ್ರೆ ಆಫೀಸಿನ ಕ್ಯಾಲ್ಕ್ ಸಾಕು.

ಹೇಗೆ ಮಾಡುವುದೆಂದು ಹೇಳದೆ ಬರೀ ‘ತಂತ್ರಜ್ಞಾನ ಬಳಸಿ’ ಎನ್ನುವ ಸಲಹೆಗಳು ಬೇಕಾದಷ್ಟು ಬಂದಿವೆ. ಆದ್ದರಿಂದ ಒಂದು ಉದಾಹರಣೆಯನ್ನು ಬುಡದಿಂದಲೇ ಹೇಳುತ್ತೇವೆ. ಪತ್ರಿಕೆಯ ಅನುಕೂಲಕ್ಕಾಗಿ ಸೂತ್ರಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇವೆ. ಟೈಪ್ ಮಾಡುವಾಗ ಕಾಲಮಿನ ಹೆಸರನ್ನೂ ಫಂಕ್ಷನ್ನಿನ ಹೆಸರನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಬೇಕು.

ಹತ್ತನೇ ತರಗತಿಯ ವರ್ಗ ಸಮೀಕರಣವನ್ನು ತೆಗೆದುಕೊಳ್ಳಿ. ಅದರಲ್ಲಿ ಮೂರು ಸಹಗುಣಕಗಳು: ಎಕ್ಸ್ ವರ್ಗದ್ದು, ಎಕ್ಸ್‌ನದು, ಕೊನೆಯ ಸ್ಥಿರಾಂಕ. ಮೂರಕ್ಕೂ ಒಂದೊಂದು ಸ್ಕ್ರಾಲ್ ಬಾರ್ (ಸರಿಸಿದಂತೆ ಸಂಖ್ಯೆ ಬದಲಿಸುವ ಪಟ್ಟಿ) ಬೇಕು. ಎಕ್ಸೆಲ್‌ನಲ್ಲಿ ಇದು ಡೆವಲಪರ್ ಟ್ಯಾಬಿನಲ್ಲಿದೆ, ಆದರೆ ಆ ಟ್ಯಾಬೇ ಮೊದಲಿಗೆ ಕಾಣುವುದಿಲ್ಲ. ಫೈಲ್, ಆಪ್ಷನ್ಸ್, ಕಸ್ಟಮೈಜ್ ರಿಬ್ಬನ್ ಎಂದು ಹೋಗಿ ಡೆವಲಪರ್ ಎದುರು ಟಿಕ್ ಹಾಕಬೇಕು. ಆಮೇಲೆ ಇನ್ಸರ್ಟ್ ಒತ್ತಿದರೆ ಎರಡು ಗುಂಪು ತೆರೆಯುತ್ತವೆ. ಮೇಲಿನ ‘ಫಾರ್ಮ್ ಕಂಟ್ರೋಲ್ಸ್’ ಗುಂಪಿನ ಸ್ಕ್ರಾಲ್ ಬಾರನ್ನೇ ತೆಗೆದುಕೊಳ್ಳಿ, ಕೆಳಗಿನ ಆ್ಯಕ್ಟಿವ್‌ಎಕ್ಸ್ ಗುಂಪಿನದು ಬೇಡ. ಹಾಳೆಯ ಮೇಲೆ ಎಳೆದು, ಬಲ ಕ್ಲಿಕ್ ಮಾಡಿ ‘ಫಾರ್ಮ್ಯಾಟ್ ಕಂಟ್ರೋಲ್’ಗೆ ಹೋಗಿ ಕನಿಷ್ಠ 0, ಗರಿಷ್ಠ 200, ಒಂದು ಹೆಜ್ಜೆಗೆ 1 ಎಂದು ಕೊಟ್ಟು, ‘ಸೆಲ್ ಲಿಂಕ್’ ಎಂಬಲ್ಲಿ ಬಿ1 ಎಂದು ಬರೆಯಿರಿ. ಉಳಿದ ಎರಡಕ್ಕೆ ಬಿ2, ಬಿ3. ಕ್ಯಾಲ್ಕ್‌ನಲ್ಲಿ ವ್ಯೂ, ಟೂಲ್‌ಬಾರ್ಸ್, ಫಾರ್ಮ್ ಕಂಟ್ರೋಲ್ಸ್ ಎಂದು ಹೋಗಬೇಕು. ಬಾರ್ ಎಳೆದ ಮೇಲೆ ಅದರ ಗುಣಲಕ್ಷಣಗಳ ಕಿಟಕಿಯ ಡೇಟಾ ಟ್ಯಾಬಿನಲ್ಲಿ ಲಿಂಕ್ಡ್ ಸೆಲ್ ಕೊಡಬೇಕು. ಕ್ಯಾಲ್ಕ್‌ನಲ್ಲಿ ಮೊದಲ ಸಲ ಮಾಡುವವರು ಎಡವುವುದು ಒಂದೇ ಕಡೆ: ಡಿಸೈನ್ ಮೋಡ್ ಆಫ್ ಮಾಡಲು ಮರೆಯುತ್ತಾರೆ. ಅದು ಆನ್ ಇರುವಷ್ಟು ಹೊತ್ತು ಬಾರನ್ನು ಒತ್ತಿದರೆ ಅದು ಸರಿಯುವುದಿಲ್ಲ, ಬರೀ ಆಯ್ಕೆಯಾಗಿ ನಿಲ್ಲುತ್ತದೆ.

ಎಕ್ಸೆಲ್‌ನ ಈ ಬಾರ್ ಋಣ ಸಂಖ್ಯೆಯನ್ನೂ ದಶಮಾಂಶವನ್ನೂ ಕೊಡುವುದಿಲ್ಲ. ಅದರ ವ್ಯಾಪ್ತಿ 0ಯಿಂದ 30,000ದವರೆಗಿನ ಪೂರ್ಣಾಂಕಗಳು ಮಾತ್ರ. ಹಾಗಾಗಿ ಬೇಕಾದ ಬೆಲೆಯನ್ನು ಪಕ್ಕದ ಸೆಲ್‌ನಲ್ಲಿ ನಾವೇ ಮಾಡಿಕೊಳ್ಳಬೇಕು. ಸಿ1ರಲ್ಲಿ =(ಬಿ1-100)/50, ಸಿ2ರಲ್ಲಿ =(ಬಿ2-100)/10, ಸಿ3ರಲ್ಲಿ =(ಬಿ3-100)/10. ಈಗ ಮೊದಲ ಸಹಗುಣಕ -2ರಿಂದ 2ರವರೆಗೂ ಉಳಿದೆರಡು -10ರಿಂದ 10ರವರೆಗೂ ಓಡಾಡುತ್ತವೆ. ಮೊದಲನೆಯದಕ್ಕೆ ಮಾತ್ರ 50ರಿಂದ ಭಾಗಿಸಿದ್ದಕ್ಕೆ ಕಾರಣವಿದೆ. ಅದು 5, 6 ಆಗಿಬಿಟ್ಟರೆ ಪರವಲಯ, ಅಂದರೆ ಈ ಸಮೀಕರಣದ ಬಾಗಿದ ನಕ್ಷೆ, ಸೂಜಿಯಂತೆ ಕಿರಿದಾಗಿ ಏನೂ ತಿಳಿಯುವುದಿಲ್ಲ.

ಇ2ರಲ್ಲಿ -5 ಬರೆದು, ಇ3ರಲ್ಲಿ =ಇ2+0.25 ಹಾಕಿ ಇ42ರವರೆಗೆ ಎಳೆಯಿರಿ. 41 ಬಿಂದುಗಳಾಗುತ್ತವೆ. 0.1ರ ಹೆಜ್ಜೆ ಬೇಡ. ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ 0.1 ಅನ್ನು ನಿಖರವಾಗಿ ಬರೆಯಲು ಬರುವುದಿಲ್ಲ, ಕೂಡುತ್ತ ಹೋದಂತೆ ಸೊನ್ನೆ ಬರಬೇಕಾದ ಜಾಗದಲ್ಲಿ ಅತಿ ಸಣ್ಣ ಸಂಖ್ಯೆಯೊಂದು ಕೂತಿರುತ್ತದೆ. 0.25ಕ್ಕೆ ಆ ತೊಂದರೆಯಿಲ್ಲ. ಎಫ್2ರಲ್ಲಿ =$ಸಿ$1*ಇ2^2+$ಸಿ$2*ಇ2+$ಸಿ$3 ಎಂದು ಬರೆದು ಕೆಳಕ್ಕೆ ಎಳೆಯಿರಿ. ಡಾಲರ್ ಚಿಹ್ನೆ ಮರೆತರೆ ಎರಡನೇ ಸಾಲು ಸಿ2, ಸಿ3, ಸಿ4 ಅನ್ನು ಹುಡುಕಿಕೊಂಡು ಹೋಗುತ್ತದೆ, ಹತ್ತನೇ ಸಾಲಿನ ಹೊತ್ತಿಗೆ ಖಾಲಿ ಸೆಲ್‌ಗಳನ್ನು ಗುಣಿಸುತ್ತಿರುತ್ತದೆ. ಆಗ ನಕ್ಷೆ ಎಡ ತುದಿಯಲ್ಲಿ ಎಗರಿ ಬಿದ್ದು, ಮುಂದೆಲ್ಲ ಸೊನ್ನೆಯ ಮೇಲೆ ಮಲಗಿಬಿಡುತ್ತದೆ. ಆ ಚಿತ್ರ ಕಂಡರೆ ತಪ್ಪು ಡಾಲರಿನದೇ ಎಂದು ತಿಳಿಯಿರಿ.

ಗಣಿತ ಬಲ್ಲವರನ್ನೇ ಬೀಳಿಸುವ ಗುಂಡಿಯೊಂದು ಇಲ್ಲಿದೆ. ಎಕ್ಸ್ ವರ್ಗದ ಋಣ ಬೆಲೆ ಬೇಕೆಂದು =-ಇ2^2 ಎಂದು ಬರೆದರೆ, ಇ2ರಲ್ಲಿ 3 ಇದ್ದಾಗ ನಮಗೆ ಬೇಕಾದ್ದು -9, ಹಾಳೆ ಕೊಡುವುದು 9. ಎಕ್ಸೆಲ್ ಮತ್ತು ಕ್ಯಾಲ್ಕ್ ಎರಡೂ ಋಣ ಚಿಹ್ನೆಯನ್ನು ಮೊದಲು ಅಂಟಿಸಿ ಆಮೇಲೆ ವರ್ಗ ಮಾಡುತ್ತವೆ. =-(ಇ2^2) ಎಂದೇ ಬರೆಯಬೇಕು. ಪಠ್ಯಪುಸ್ತಕದ ನಿಯಮವೂ ಯಂತ್ರದ ನಿಯಮವೂ ಬೇರೆ ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಿಕ್ಕಿಲ್ಲ.

ಈಗ ಇ ಮತ್ತು ಎಫ್ ಕಾಲಮುಗಳನ್ನು ಆಯ್ದು ಚಾರ್ಟ್ ಹಾಕಬೇಕು. ‘ಲೈನ್’ ಚಾರ್ಟ್ ಅಲ್ಲ, ‘ಸ್ಕ್ಯಾಟರ್’ ಅಥವಾ ‘ಎಕ್ಸ್‌-ವೈ’ ಚಾರ್ಟ್. ಲೈನ್ ಚಾರ್ಟು ಎಕ್ಸ್ ಬೆಲೆಗಳನ್ನು ಬರೀ ಹೆಸರುಗಳೆಂದು ತಿಳಿದು ಸಮ ದೂರದಲ್ಲಿ ಜೋಡಿಸುತ್ತದೆ. ಸ್ಕ್ಯಾಟರಿನಲ್ಲೂ ‘ಸ್ಮೂತ್’ ಬೇಡ, ನೇರ ಗೆರೆಯದ್ದು ಸಾಕು. 41 ಬಿಂದುಗಳಿದ್ದರೆ ಕಣ್ಣಿಗೆ ನಯವಾಗಿಯೇ ಕಾಣುತ್ತದೆ. ನಯ ಮಾಡುವ ಕೆಲಸವನ್ನು ಯಂತ್ರಕ್ಕೆ ಬಿಟ್ಟರೆ ಮುಂದೆಂದೋ ನಿರಪೇಕ್ಷ ಬೆಲೆಯ ನಕ್ಷೆ ಹಾಕಿದಾಗ ಅದರ ಚೂಪು ಮೂಲೆಯನ್ನೂ ಉರುಟು ಮಾಡಿಬಿಡುತ್ತದೆ.

ಇಷ್ಟಾದ ಮೇಲೂ ಬಾರ್ ಸರಿಸಿದರೆ ರೇಖೆ ಅಲ್ಲಾಡದಂತೆ ಕಾಣಬಹುದು. ಬಹಳ ಜನ ಇಲ್ಲಿಗೇ ಕೈಬಿಡುತ್ತಾರೆ. ರೇಖೆ ಬದಲಾಗುತ್ತಲೇ ಇರುತ್ತದೆ. ಆದರೆ ಅದರ ಜೊತೆಗೆ ಅಕ್ಷವೂ ತನ್ನ ಅಳತೆಯನ್ನು ತಾನೇ ಹಿಗ್ಗಿಸಿ ಕುಗ್ಗಿಸಿಕೊಳ್ಳುವುದರಿಂದ ಚಿತ್ರ ಇದ್ದಲ್ಲೇ ಇದ್ದಂತೆ ಕಾಣುತ್ತದೆ, ಅಂಚಿನ ಅಂಕಿಗಳು ಮಾತ್ರ ಓಡುತ್ತವೆ. ಅಕ್ಷದ ಮೇಲೆ ಬಲ ಕ್ಲಿಕ್ ಮಾಡಿ ‘ಫಾರ್ಮ್ಯಾಟ್ ಆ್ಯಕ್ಸಿಸ್’ನಲ್ಲಿ ಎಕ್ಸ್‌ಗೆ -5 ಮತ್ತು 5, ವೈಗೆ -10 ಮತ್ತು 10 ಎಂದು ಕೈಯಾರೆ ಬರೆದು ಕಟ್ಟಿಹಾಕಬೇಕು. ಚಲಿಸುವ ನಕ್ಷೆಯ ಗುಟ್ಟು ಅರ್ಧಕ್ಕರ್ಧ ಇಷ್ಟೇ.

ಇನ್ನು ಇದರಿಂದ ಪಾಠ ಮಾಡುವುದು. ಮೊದಲ ಎರಡು ಸಹಗುಣಕಗಳನ್ನು 1 ಮತ್ತು -4ಕ್ಕೆ ನಿಲ್ಲಿಸಿ, ಅಂದರೆ ಬಿ1ರಲ್ಲಿ 150, ಬಿ2ರಲ್ಲಿ 60. ಸ್ಥಿರಾಂಕ ಸೊನ್ನೆಯಿದ್ದಾಗ ಪರವಲಯ ಎಕ್ಸ್ ಅಕ್ಷವನ್ನು 0 ಮತ್ತು 4ರಲ್ಲಿ ಕಡಿಯುತ್ತದೆ. ಸ್ಥಿರಾಂಕವನ್ನು ನಿಧಾನವಾಗಿ ಏರಿಸಿ. ಎರಡು ಮೂಲಗಳು, ಅಂದರೆ ಈ ಕಡಿಯುವ ಜಾಗಗಳು, ಒಂದರ ಕಡೆಗೊಂದು ನಡೆದು ಬಂದು, ಸ್ಥಿರಾಂಕ 4 ಆದಾಗ 2ರಲ್ಲಿ ಒಂದಾಗುತ್ತವೆ. 4.1 ಆಯಿತೋ, ಪರವಲಯ ಅಕ್ಷವನ್ನು ಬಿಟ್ಟು ಮೇಲಕ್ಕೆದ್ದಿರುತ್ತದೆ. ‘ಶೋಧಕವು ಸೊನ್ನೆಗಿಂತ ಕಡಿಮೆಯಾದರೆ ವಾಸ್ತವ ಮೂಲಗಳಿಲ್ಲ’ ಎಂದು ಉರು ಹೊಡೆದ ವಾಕ್ಯ ಇಲ್ಲಿ ಕಣ್ಣಿಗೆ ಬೀಳುತ್ತದೆ. ಮೂಲಗಳನ್ನೂ ದಪ್ಪ ಚುಕ್ಕೆಗಳಾಗಿ ತೋರಿಸಬೇಕೆಂದರೆ ಸಿ5ರಲ್ಲಿ ಶೋಧಕ =ಸಿ2^2-4*ಸಿ1*ಸಿ3, ಸಿ6ರಲ್ಲಿ =ಇಫ್(ಆರ್(ಸಿ1=0,ಸಿ5<0),ಎನ್‌ಎ(),(-ಸಿ2-ಎಸ್‌ಕ್ಯೂಆರ್‌ಟಿ(ಸಿ5))/(2*ಸಿ1)), ಸಿ7ರಲ್ಲಿ ಅದೇ ಸೂತ್ರ, ವರ್ಗಮೂಲದ ಮುಂದೆ ಮಾತ್ರ ಕೂಡುವ ಚಿಹ್ನೆ. ಪಕ್ಕದ ಡಿ6ರಲ್ಲಿ =ಸಿ6*0, ಡಿ7ರಲ್ಲಿ =ಸಿ7*0 ಎಂದು ಬರೆದು ಇವೆರಡನ್ನು ಇನ್ನೊಂದು ಸರಣಿಯಾಗಿ ಚಾರ್ಟಿಗೆ ಸೇರಿಸಿ. ಎನ್‌ಎ ಎಂದಿದ್ದರೆ ಆ ಚುಕ್ಕೆಯನ್ನು ಚಾರ್ಟು ಹಾಕುವುದಿಲ್ಲ. ಅದರ ಬದಲು ಖಾಲಿ ಉದ್ಧರಣ ಚಿಹ್ನೆ ಕೊಡುವ ಅಭ್ಯಾಸ ಹಲವರಿಗಿದೆ. ಹಾಗೆ ಮಾಡಿದರೆ ಎಕ್ಸೆಲ್ ಅದನ್ನು ಪಠ್ಯವೆಂದು ತಿಳಿದು ಚುಕ್ಕೆಗಳನ್ನು ಎಲ್ಲೆಲ್ಲೋ ಇಡುತ್ತದೆ. ಮೊದಲ ಸಹಗುಣಕ ಸೊನ್ನೆ ದಾಟುವ ಕ್ಷಣದಲ್ಲಿ ಪರವಲಯ ಸರಳರೇಖೆಯಾಗುತ್ತದೆ, ಛೇದ ಸೊನ್ನೆಯಾಗುತ್ತದೆ. ಅದಕ್ಕೇ ಸಿ1=0 ಎಂಬ ಷರತ್ತು. ಅದನ್ನು ಮೊದಲು ಬಿಟ್ಟು, ದೋಷ ಬಂದಾಗ ಯಾಕೆ ಬಂತೆಂದು ಮಕ್ಕಳಿಂದಲೇ ಹೇಳಿಸಿದರೆ ಇನ್ನೂ ಒಳ್ಳೆಯದು.

ಈ ಹಾಳೆಯಲ್ಲಿ ನಮಗೆ ಅತಿ ಪ್ರಿಯವಾದ ಪ್ರಶ್ನೆ ನಡುವಿನ ಸಹಗುಣಕದ್ದು. ಮೊದಲನೆಯದು ಬದಲಾದರೆ ಪರವಲಯ ಅಗಲ ಅಥವಾ ಕಿರಿದಾಗುತ್ತದೆ, ಕೊನೆಯದು ಬದಲಾದರೆ ಮೇಲೆ ಕೆಳಗೆ ಹೋಗುತ್ತದೆ ಎಂಬುದನ್ನು ಮಕ್ಕಳು ಬೇಗ ಊಹಿಸುತ್ತಾರೆ. ನಡುವಿನದಕ್ಕೆ ‘ಎಡಕ್ಕೆ ಬಲಕ್ಕೆ ಜಾರುತ್ತದೆ’ ಎನ್ನುವುದು ಸಹಜವಾದ ಊಹೆ. ಬಾರ್ ಸರಿಸಿದರೆ ಬೇರೆಯೇ ಆಗುತ್ತದೆ: ಪರವಲಯ ಇಳಿಯುತ್ತ ಜಾರಿ, ನಡುವಿಗೆ ಬರುವಾಗ ಏರಿ, ಮತ್ತೆ ಇಳಿಯುತ್ತದೆ. ಶೃಂಗದ, ಅಂದರೆ ಪರವಲಯ ತಿರುಗುವ ತುದಿಯ, ಜಾಡನ್ನು ಹಿಡಿದು ನೋಡಿದರೆ ಆ ಜಾಡೇ ತಲೆಕೆಳಗಾದ ಇನ್ನೊಂದು ಪರವಲಯ. ಮೊದಲ ಸಹಗುಣಕ 1, ಸ್ಥಿರಾಂಕ 0 ಇದ್ದಾಗ ಶೃಂಗದ ವೈ ಬೆಲೆ ಯಾವಾಗಲೂ ಅದರ ಎಕ್ಸ್ ಬೆಲೆಯ ವರ್ಗದ ಋಣ. ಎರಡು ಸಾಲಿನ ಬೀಜಗಣಿತದಲ್ಲಿ ಇದನ್ನು ಸಾಧಿಸಬಹುದು, ಮತ್ತು ಈಗ ಸಾಧಿಸಬೇಕೆಂಬ ಆಸೆ ಮಕ್ಕಳಿಗೇ ಹುಟ್ಟಿರುತ್ತದೆ.

ತ್ರಿಕೋನಮಿತಿಗೂ ಇದೇ ದಾರಿ. ಹೊಸ ಹಾಳೆಯಲ್ಲಿ ಎ1ಕ್ಕೆ ಲಿಂಕ್ ಮಾಡಿದ ಒಂದು ಸ್ಕ್ರಾಲ್ ಬಾರಿನಿಂದ ಕೋನವನ್ನು 0ಯಿಂದ 360 ಡಿಗ್ರಿಯವರೆಗೆ ಓಡಿಸಿ, ಕೊಸೈನ್ ಬೆಲೆಯನ್ನು ಎಕ್ಸ್ ಆಗಿಯೂ ಸೈನ್ ಬೆಲೆಯನ್ನು ವೈ ಆಗಿಯೂ ಹಾಕಿದರೆ ಒಂದು ಚುಕ್ಕೆ ವೃತ್ತದ ಮೇಲೆ ಸುತ್ತುತ್ತದೆ. ವೃತ್ತವನ್ನು ಬರೆಯಲು 10 ಡಿಗ್ರಿಗೊಂದರಂತೆ 37 ಬಿಂದುಗಳು ಸಾಕು. 36 ಹಾಕಿದರೆ ವೃತ್ತ ಮುಚ್ಚುವುದಿಲ್ಲ. ತ್ರಿಜ್ಯಕ್ಕೆ ಎರಡು ಬಿಂದು, ಚುಕ್ಕೆಯಿಂದ ಅಕ್ಷಕ್ಕೆ ಇಳಿಬಿಟ್ಟ ಲಂಬಕ್ಕೆ ಎರಡು ಬಿಂದು. ಚಾರ್ಟಿನ ಒಳಚೌಕವನ್ನು ಎಳೆದು ಉದ್ದ ಅಗಲ ಸಮ ಮಾಡದಿದ್ದರೆ ವೃತ್ತ ಮೊಟ್ಟೆಯಾಗುತ್ತದೆ. ಸೈನ್ ಫಂಕ್ಷನ್ ಡಿಗ್ರಿಯನ್ನು ಅರಿಯದು, ರೇಡಿಯನ್ ಕೇಳುತ್ತದೆ. =ಸೈನ್(ರೇಡಿಯನ್ಸ್(ಎ1)) ಎಂದು ಬರೆಯದೆ ನೇರವಾಗಿ 30 ಕೊಟ್ಟರೆ 0.5 ಬದಲು -0.988 ಬರುತ್ತದೆ. ಬಾರಿನ ಹೆಜ್ಜೆ 10 ಇಟ್ಟರೆ 45 ಡಿಗ್ರಿ ತಪ್ಪಿಹೋಗುತ್ತದೆ, 5 ಇಡಿ. ಕೊಸೈನ್ 90ಕ್ಕೆ ಸೊನ್ನೆಯ ಬದಲು ಹತ್ತರ ಘಾತ -17ರ ಆಸುಪಾಸಿನ ಸಂಖ್ಯೆ ಕಂಡರೆ ಗಾಬರಿ ಬೇಡ, ಪೈ ಬೆಲೆಯನ್ನು ಯಂತ್ರ ಎಲ್ಲೋ ಒಂದು ಕಡೆ ತುಂಡರಿಸಲೇಬೇಕಾದ್ದರ ಫಲ ಅದು. ಅದೇ ಕಾರಣಕ್ಕೆ ಟ್ಯಾನ್ 90 ಕೇಳಿದರೆ ಹಾಳೆ ‘ವ್ಯಾಖ್ಯಾನಿಸಿಲ್ಲ’ ಎನ್ನುವುದಿಲ್ಲ, 16,000 ಲಕ್ಷ ಕೋಟಿಗೂ ಮಿಕ್ಕಿದ ಸಂಖ್ಯೆಯೊಂದನ್ನು ಧೈರ್ಯವಾಗಿ ಕೊಡುತ್ತದೆ. ಯಂತ್ರ ಹೇಳಿತು ಎಂದು ನಂಬುವ ಮಕ್ಕಳಿಗೆ ಈ ಒಂದು ಸೆಲ್ ತೋರಿಸಬೇಕು.

ಬಾರ್ ಮುಟ್ಟದೆ ತಾನಾಗಿ ಓಡಿಸುವ ಯುಕ್ತಿಯೂ ಎಕ್ಸೆಲ್‌ನಲ್ಲಿದೆ. ಆಪ್ಷನ್ಸ್‌ನ ಫಾರ್ಮುಲಾಸ್ ಪುಟದಲ್ಲಿ ‘ಇಟರೇಟಿವ್ ಕ್ಯಾಲ್ಕ್ಯುಲೇಷನ್’ ಟಿಕ್ ಮಾಡಿ ಗರಿಷ್ಠ ಆವೃತ್ತಿ 1 ಎಂದಿಡಿ. ಎ1ರಲ್ಲಿ =ಇಫ್(ಬಿ1=0,0,ಮಾಡ್(ಎ1+5,360)) ಎಂದು ಬರೆಯಿರಿ. ಬಿ1ರಲ್ಲಿ 1 ಹಾಕಿ ಎಫ್9 ಕೀಲಿಯನ್ನು ಒತ್ತಿ ಹಿಡಿದರೆ ಚುಕ್ಕೆ ಸುತ್ತುತ್ತಲೇ ಇರುತ್ತದೆ, 0 ಹಾಕಿದರೆ ಮೊದಲಿಗೆ ಮರಳುತ್ತದೆ. ಲ್ಯಾಪ್‌ಟಾಪಾದರೆ ಎಫ್‌ಎನ್ ಕೀಲಿಯನ್ನೂ ಜೊತೆಗೆ ಒತ್ತಬೇಕಾಗಬಹುದು. ಎಣಿಸುವ ಸೆಲ್ ಹಾಳೆಯ ಮೇಲಿನ ಎಡ ಮೂಲೆಯಲ್ಲೇ ಇರಲಿ, ಇಲ್ಲದಿದ್ದರೆ ಕೆಲವು ಸೆಲ್‌ಗಳು ಒಂದು ಹೆಜ್ಜೆ ಹಿಂದೆ ಉಳಿಯುತ್ತವೆ. ಈ ಆಯ್ಕೆ ಕಡತಕ್ಕಲ್ಲ, ಇಡೀ ಎಕ್ಸೆಲ್‌ಗೆ ಅನ್ವಯಿಸುತ್ತದೆ, ಮತ್ತು ಮೊದಲು ತೆರೆದ ಕಡತದಲ್ಲಿ ಹೇಗಿತ್ತೋ ಹಾಗೆ ಉಳಿಯುತ್ತದೆ. ಹಾಗಾಗಿ ಬೇರೆ ಕಡತ ತೆರೆದ ಮೇಲೆ ಇದನ್ನು ತೆರೆದರೆ ವೃತ್ತಾಕಾರದ ಉಲ್ಲೇಖವೆಂಬ (ಸೂತ್ರ ತನ್ನನ್ನೇ ಉಲ್ಲೇಖಿಸುತ್ತಿದೆ ಎನ್ನುವ) ಎಚ್ಚರಿಕೆ ಬಂದು ಎಲ್ಲ ನಿಲ್ಲುತ್ತದೆ. ತಿರುಗುಮುರುಗಾದರೆ ಇನ್ನೂ ಅಪಾಯ. ಈ ಆಯ್ಕೆ ಆನ್ ಇದ್ದಾಗಲೇ ಅಂಕಪಟ್ಟಿಯನ್ನು ತೆರೆದು, ಒಟ್ಟು ಮೊತ್ತದ ಸೂತ್ರ ತನ್ನನ್ನೇ ಕೂಡಿಕೊಳ್ಳುವಂತೆ ತಪ್ಪಾಗಿ ಬರೆದರೂ ಎಕ್ಸೆಲ್ ತುಟಿ ಬಿಚ್ಚುವುದಿಲ್ಲ. ಪಾಠ ಮುಗಿದ ಕೂಡಲೇ ಟಿಕ್ ತೆಗೆಯಿರಿ. ಕ್ಯಾಲ್ಕ್‌ನಲ್ಲಿ ಈ ಯುಕ್ತಿ ನೆಚ್ಚುವಂಥದ್ದಲ್ಲ, ಉತ್ತರ ಒಂದೆಡೆ ನಿಲ್ಲಲಿಲ್ಲವೆಂದು ದೋಷ ಸಂಖ್ಯೆ 523 ತೋರಿಸುವುದುಂಟು. ಅಲ್ಲಿ ಸ್ಕ್ರಾಲ್ ಬಾರೇ ಗತಿ. ಮ್ಯಾಕ್ರೊ (ಕಡತದೊಳಗೇ ಬರೆಯುವ ಪುಟ್ಟ ಪ್ರೋಗ್ರಾಮ್) ಬರೆದೂ ಓಡಿಸಬಹುದು, ಆದರೆ ಅಂತರ್ಜಾಲದಿಂದ ಇಳಿಸಿಕೊಂಡ ಕಡತದ ಮ್ಯಾಕ್ರೊಗಳನ್ನು 2022ರಿಂದ ಎಕ್ಸೆಲ್ ತಾನಾಗಿ ತಡೆಯುತ್ತದೆ. ಶಾಲೆಯಿಂದ ಶಾಲೆಗೆ ಹಂಚುವ ಕಡತಕ್ಕೆ ಅದು ತಕ್ಕುದಲ್ಲ.

ಸಂಭವನೀಯತೆಗೆ ಬಾರೂ ಬೇಡ. ಎ ಕಾಲಮಿನಲ್ಲಿ 1ರಿಂದ 1000, ಬಿ ಕಾಲಮಿನಲ್ಲಿ =ರ‍್ಯಾಂಡ್‌ಬಿಟ್ವೀನ್(1,6), ಸಿ ಕಾಲಮಿನಲ್ಲಿ =ಕೌಂಟ್‌ಇಫ್($ಬಿ$1:ಬಿ1,6)/ಎ1. ಎ ಮತ್ತು ಸಿ ಕಾಲಮುಗಳ ಚಾರ್ಟು ಹಾಕಿ, ವೈ ಅಕ್ಷವನ್ನು 0 ಮತ್ತು 0.5ಕ್ಕೆ ಕಟ್ಟಿ, ಎಫ್9 ಒತ್ತುತ್ತ ಹೋಗಿ. ಪ್ರತಿ ಸಲವೂ ಗೆರೆ ಆರಂಭದಲ್ಲಿ ಹುಚ್ಚು ಕುದುರೆಯಂತೆ ಎಗರಾಡಿ, ಬಲಕ್ಕೆ ಹೋದಂತೆ 0.167ರ ಹತ್ತಿರ ಸಮಾಧಾನವಾಗುತ್ತದೆ. 60 ಸಲ ಎಸೆದರೆ ಆರು ಸರಿಯಾಗಿ 10 ಸಲ ಬೀಳಬೇಕೆಂದೇನಿಲ್ಲ, 5 ಬಿದ್ದರೂ 15 ಬಿದ್ದರೂ ಅಚ್ಚರಿಯಿಲ್ಲ ಎಂಬುದು ಎಡ ತುದಿಯನ್ನು ನೋಡಿದರೆ ಗೊತ್ತಾಗುತ್ತದೆ. 1000 ಸಾಲುಗಳನ್ನು 10,000 ಮಾಡುವ ಆಸೆಯಾದರೆ ಎಚ್ಚರ. ಪ್ರತಿ ಸಾಲೂ ಮೇಲಿನ ಎಲ್ಲ ಸಾಲುಗಳನ್ನು ಎಣಿಸುವುದರಿಂದ ಕೆಲಸ ಹತ್ತು ಪಟ್ಟಲ್ಲ, ನೂರು ಪಟ್ಟಾಗಿ ಹಳೆಯ ಯಂತ್ರ ಉಸಿರುಗಟ್ಟುತ್ತದೆ. ಹಿಂದಿನ ಸಾಲಿನ ಎಣಿಕೆಗೆ 1 ಅಥವಾ 0 ಕೂಡುತ್ತ ಬರುವ ಇನ್ನೊಂದು ಕಾಲಮ್ ಇಟ್ಟರೆ ತೊಂದರೆಯಿಲ್ಲ.

ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶ ಇರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ, ಕೇಳಬೇಕಾದ್ದೇ. ರೇಖಾಗಣಿತದ ರಚನೆಗಳಿಗೆ, ಸ್ಪರ್ಶಕಗಳಿಗೆ, ವೃತ್ತದ ಪ್ರಮೇಯಗಳಿಗೆ ಜಿಯೋಜೀಬ್ರಾದ ಎದುರು ಸ್ಪ್ರೆಡ್‌ಶೀಟ್ ನಿಲ್ಲಲಾರದು. ಆದರೆ ಅಲ್ಲಿ ಸಮೀಕರಣ ಬರೆದ ಕೂಡಲೇ ರೇಖೆ ಬಂದುಬಿಡುತ್ತದೆ, ನಡುವಿನ ಬೆಲೆಗಳ ಪಟ್ಟಿ ತಾನಾಗಿ ಕಾಣುವುದಿಲ್ಲ. ಸಮೀಕರಣದಿಂದ ಪಟ್ಟಿ, ಪಟ್ಟಿಯಿಂದ ಬಿಂದು, ಬಿಂದುವಿನಿಂದ ರೇಖೆ ಎಂದು ನೋಟ್‌ಬುಕ್ಕಿನಲ್ಲಿ ಕಲಿಸುವ ಕ್ರಮವೇ ಹಾಳೆಯಲ್ಲೂ ಇದೆ. ಜೊತೆಗೆ ಸೊಸೈಟಿಯಲ್ಲೋ ಪಂಚಾಯ್ತಿಯಲ್ಲೋ ಅಂಗಡಿಯಲ್ಲೋ ನಾಳೆ ಕೆಲಸಕ್ಕೆ ಬರುವುದೂ ಈ ಹಾಳೆಯೇ.

ತರಗತಿಯ ಮಾತು ಸ್ವಲ್ಪ. ಸಿದ್ಧ ಕಡತವನ್ನು ಪರದೆಯ ಮೇಲೆ ಓಡಿಸಿ ತೋರಿಸಿದರೆ ಅದೂ ಇನ್ನೊಂದು ವಿಡಿಯೊ ಆಗುತ್ತದೆ, ಐದು ನಿಮಿಷ ಬಾಯಿ ಬಿಟ್ಟು ನೋಡಿ ಮರೆಯುತ್ತಾರೆ. ಬಾರ್ ಸರಿಸುವ ಮುನ್ನ ಏನಾಗಬಹುದೆಂದು ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಲಿ, ಆಮೇಲೆ ಸರಿಸಿ. ಒಂದು ಸಲಕ್ಕೆ ಒಂದೇ ಬಾರ್, ಮೂರನ್ನೂ ಒಟ್ಟಿಗೆ ಆಡಿಸಿದರೆ ಯಾವುದರಿಂದ ಏನಾಯಿತೆಂದು ಯಾರಿಗೂ ತಿಳಿಯದು. ಪ್ರೊಜೆಕ್ಟರಿನಲ್ಲಿ ಬಿಳಿಯ ಮೇಲೆ ಹಳದಿ ಗೆರೆ ಕಾಣುವುದಿಲ್ಲ, ಕೆಂಪು ಹಸಿರುಗಳ ಭೇದ ತಿಳಿಯದ ಮಕ್ಕಳೂ ಇರುತ್ತಾರೆ. ನೀಲಿ ಮತ್ತು ಕಿತ್ತಳೆ ದಪ್ಪ ಗೆರೆಗಳು ಒಳ್ಳೆಯದು. ಶೀರ್ಷಿಕೆಗಳನ್ನು ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದರೆ ಪಕ್ಕದ ಶಾಲೆಯ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಅಕ್ಷರಗಳ ರಾಶಿ. ಯೂನಿಕೋಡ್‌ನಲ್ಲೇ ಬರೆಯಿರಿ. ಮೊಬೈಲಿನ ಎಕ್ಸೆಲ್‌ನಲ್ಲಿ, ಗೂಗಲ್ ಶೀಟ್ಸ್‌ನಲ್ಲಿ ಈ ಸ್ಕ್ರಾಲ್ ಬಾರ್ ಕೆಲಸಕ್ಕೆ ಬಾರದು, ಆಗ ಬಿ1ರಲ್ಲಿ ಸಂಖ್ಯೆಯನ್ನು ಬೆರಳಿನಿಂದ ಬದಲಿಸಿದರೂ ನಕ್ಷೆ ಚಲಿಸುತ್ತದೆ.

ಶಿಕ್ಷಣ ಇಲಾಖೆಗೆ ನಮ್ಮ ಕೋರಿಕೆ ದೊಡ್ಡದಲ್ಲ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ 20 ಅಂಕ ಆಂತರಿಕ ಮೌಲ್ಯಮಾಪನಕ್ಕಿದೆ. ಅದರ ಚಟುವಟಿಕೆಗಳಲ್ಲಿ ಒಂದಾದರೂ ವಿದ್ಯಾರ್ಥಿಗಳೇ ಕಟ್ಟಿದ ಇಂಥ ಹಾಳೆಯಾಗಲು ಸ್ಪಷ್ಟವಾಗಿ ಅವಕಾಶ ಕೊಡಲಿ. ನಾಲ್ವರಿಗೆ ಒಂದು ಯಂತ್ರವಿದ್ದರೂ ಒಬ್ಬರು ಟೈಪ್ ಮಾಡಿ, ಒಬ್ಬರು ಸೂತ್ರ ಓದಿ ಹೇಳಿ, ಇಬ್ಬರು ನೋಟ್‌ಬುಕ್ಕಿನ ಲೆಕ್ಕದೊಂದಿಗೆ ತಾಳೆ ನೋಡಬಹುದು. ಶಿಕ್ಷಕರ ತರಬೇತಿಗಳಲ್ಲಿ ಸಿದ್ಧ ಕಡತಗಳ ಪೆನ್‌ಡ್ರೈವ್ ಹಂಚುವ ಬದಲು ಖಾಲಿ ಹಾಳೆ ತೆರೆಸಿ, ಒಂದೇ ಒಂದು ಪರವಲಯವನ್ನು ಪ್ರತಿಯೊಬ್ಬರ ಕೈಯಲ್ಲೂ ಮಾಡಿಸಲಿ. ಅಕ್ಷ ಕಟ್ಟುವುದನ್ನು ಮರೆತು, ಡಾಲರ್ ಬಿಟ್ಟು, ಡಿಸೈನ್ ಮೋಡಿನಲ್ಲಿ ಸಿಕ್ಕಿಕೊಂಡು ಹೊರಬಂದ ಶಿಕ್ಷಕರು ಮಾತ್ರ ತರಗತಿಯಲ್ಲಿ ಹದಿನೈದು ಯಂತ್ರಗಳು ಒಟ್ಟಿಗೆ ಹಟ ಹಿಡಿದಾಗ ಯಾವುದಕ್ಕೆ ಏನಾಗಿದೆಯೆಂದು ದೂರದಿಂದಲೇ ಗುರುತಿಸಬಲ್ಲರು.

ಇತಿ,
ಇಬ್ಬರು ಪ್ರೌಢಶಾಲಾ ಗಣಿತ ಶಿಕ್ಷಕರು